ಶ್ರೀಪತಿ ಮಾವನ ಸಾಂತ್ವನಿ

"ಇನ್ಮೇಲೆ ಅಳೋದಷ್ಟೇ ನಿನ್ನ ಕೆಲಸ, ಸಮಾಧಾನ ಮಾಡೋದು ಇದರ ಕೆಲಸ!" ಎನ್ನುತ್ತಾ ಶ್ರೀಪತಿ ಮಾವ ಹಳೇ ಬೆಡ್‌ಶೀಟನ್ನು ಸರ್ರನೆ ಎಳೆದರು.

ಒಳಗಿದ್ದದ್ದು ಚಕ್ರ ಕಟ್ಟಿದ ಟೇಬಲ್ ಫ್ಯಾನು, ಅದಕ್ಕೊಂದು ಧ್ವನಿವರ್ಧಕ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸಿನ ಕೈ. ಹೆಸರು ಸಾಂತ್ವನಿ.

ಚಿನ್ಮಯ ನನ್ನನ್ನು ಬಿಟ್ಟುಹೋಗಿ ಮೂರು ವಾರವಾಗಿತ್ತು. ಅವನ ಹೆಲ್ಮೆಟ್ ಇನ್ನೂ ನಮ್ಮ ಮನೆಯಲ್ಲೇ ಇತ್ತು. ಅದಕ್ಕಾದರೂ ಬರುತ್ತಾನೆ, ಬಂದವನು ನನ್ನ ಬಾಡಿದ ಮುಖ ನೋಡಿ ಕರಗುತ್ತಾನೆ ಎಂದುಕೊಂಡು, ಊಟ ಬಿಟ್ಟು ನಿಟ್ಟುಸಿರು ಬಿಡುತ್ತಾ ಕೂತಿದ್ದೆ. ಮೈಸೂರಿನ ರೇಡಿಯೋಗಳನ್ನೆಲ್ಲ ಬಿಚ್ಚಿ ಕೆಲವನ್ನು ಮಾತ್ರ ಮತ್ತೆ ಜೋಡಿಸಿದ ಖ್ಯಾತಿಯ ನನ್ನ ಸೋದರಮಾವನಿಗೆ ಇದನ್ನು ನೋಡಲಾಗಲಿಲ್ಲ.

"ಎಲ್ಲಿ, ಒಂದು ನಿಟ್ಟುಸಿರು ಬಿಡು!"

ಬಿಟ್ಟೆ. ಗ್ಲೌಸು ನನ್ನ ಬೆನ್ನು ತಟ್ಟಿತು. ಧ್ವನಿ ಮಾವನದೇ: "ಪುಣ್ಯಾತ್ಮ, ನರಳದೆ ಪ್ರಾಣ ಬಿಟ್ಟ. ಆಯಸ್ಸೇ ಅಷ್ಟಿತ್ತು. ಎರಡು ತುತ್ತು ಉಣ್ಣು ಮಗಳೇ."

"ಮಾವ! ಅವನು ಸತ್ತಿಲ್ಲ!"

"ನಂಗೆ ಬರೋದು ಇದೊಂದೇ ಸಮಾಧಾನ ಕಣೇ. ಈ ಬೀದಿಯ ಸಾವಿನ ಮನೆಗಳಲ್ಲೆಲ್ಲ ಇದನ್ನೇ ಹೇಳಿದೀನಿ. ಒಬ್ಬರೂ ಬೇಡ ಅಂದಿಲ್ಲ!"

"ಆಫ್ ಮಾಡಿ."

"ಸ್ವಿಚ್ ಇಟ್ಟಿಲ್ಲ. ದುಃಖಕ್ಕೆ ಸ್ವಿಚ್ ಇರುತ್ತೇನೇ?"

ನಿಟ್ಟುಸಿರು ದೊಡ್ಡದಾದಷ್ಟೂ ಸಮಾಧಾನ ಜೋರಾಗಬೇಕೆಂಬುದು ಮಾವನ ವೈಜ್ಞಾನಿಕ ತತ್ವ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು! ಇಂಥ ಘೋರ ನಿಟ್ಟುಸಿರನ್ನು ಸಾಂತ್ವನಿ ಕೇಳಿಯೇ ಇರಲಿಲ್ಲ. ಗಡಗಡ ಉರುಳಿ ಹೋಗಿ ಕುಕ್ಕರನ್ನು ತಟ್ಟಿತು. ವೆಯ್ಟ್ ಹಾರಿತು, ಬೇಳೆ ಸೂರಿಗೆ ಚಿಮ್ಮಿತು. ಕುಕ್ಕರ್ ಬುಸ್ಸೆಂದಷ್ಟೂ ಇದು ಇಡೀ ಬೀದಿಗೆ ಕೇಳುವಂತೆ ಅರಚಿತು: "ಪುಣ್ಯಾತ್ಮ, ನರಳದೆ ಪ್ರಾಣ ಬಿಟ್ಟ!"

ಸ್ವಲ್ಪ ಹೊತ್ತಿಗೆ ಎದುರುಮನೆಯ ಶಾಂಭವಮ್ಮ ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಒಲೆ ಹಚ್ಚೋ ಹಾಗಿಲ್ಲವಲ್ಲ, ಅನ್ನ ಸಾರು ತಂದಿದೀನಿ. ಹೆಲ್ಮೆಟ್ ಹಾಕ್ಕೊಂಡು ಬರ್ತಿದ್ನಲ್ಲ, ಆ ಹುಡುಗನೇ ತಾನೆ? ಅಯ್ಯೋ, ಒಂದಿನಾನೂ ಮುಖ ನೋಡಲಿಲ್ಲವಲ್ಲಪ್ಪಾ!"

ಯಂತ್ರ ಕೆಟ್ಟಿದೆಯೆಂದು ಒಪ್ಪಿಕೊಳ್ಳುವುದಕ್ಕಿಂತ ಚಿನ್ಮಯನನ್ನು ಸಾಯಿಸುವುದೇ ಮಾವನಿಗೆ ಸುಲಭವಾಯಿತು.

"ಹೂಂ, ಪಾಪ" ಎಂದರು.

ಆಗಲೇ ಬಾಗಿಲಲ್ಲಿ "ಉಸ್ಸಪ್ಪಾ!" ಎಂದು ಕೇಳಿಸಿತು. ಚಿನ್ಮಯ! ನಾನು ಏಳುವ ಮೊದಲೇ ಸಾಂತ್ವನಿ ಓಡಿಹೋಗಿ ಅವನ ಬೆನ್ನು ತಟ್ಟಿತು: "ಎರಡು ತುತ್ತು ಉಣ್ಣು ಮಗಳೇ."

"ಅವನ ಸ್ನೇಹಿತನೇನಪ್ಪಾ? ಕೂತ್ಕೋ" ಎಂದು ಶಾಂಭವಮ್ಮ ತಟ್ಟೆ ಇಟ್ಟೇಬಿಟ್ಟರು.

ನಾನು ಮುಖವನ್ನು ಇನ್ನಷ್ಟು ಬಾಡಿಸಿಕೊಂಡು ಎದುರಿಗೇ ನಿಂತೆ. ಅವನು ಹೆಲ್ಮೆಟ್ ನೋಡಿದ, ಕ್ಯಾರಿಯರ್ ನೋಡಿದ. ಕೂತ. ತನ್ನದೇ ಸಾವಿನ ಊಟವನ್ನು ಎರಡು ಸಲ ಬಡಿಸಿಕೊಂಡು ಉಂಡ.

"ಸಾರಿಗೆ ಉಪ್ಪು ಕಮ್ಮಿ" ಎಂದ. ಕೈ ತೊಳೆದು, ಹೆಲ್ಮೆಟ್ ಎತ್ತಿಕೊಂಡು, ಬಾಗಿಲಲ್ಲಿ ಪಿಸುಗುಟ್ಟಿದ: "ಅಂದಹಾಗೆ, ಯಾರು ತೀರ್ಕೊಂಡಿದ್ದು?"

ಇಂಥವನಿಗಾಗಿ ಅತ್ತೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಗೊತ್ತಿರೋರು" ಎಂದೆ. "ಅಂಥಾ ಹತ್ತಿರದೋರೇನಲ್ಲ."

ಅವನು ಮೆಟ್ಟಿಲಿಳಿದ. ಸಾಂತ್ವನಿ ನನ್ನತ್ತ ತಿರುಗಿ ಕಾಯಿತು. ನಾನು ನಿಟ್ಟುಸಿರು ಬಿಡಲಿಲ್ಲ. ತಟ್ಟೆ ಹಾಕಿಕೊಂಡು ಮೂರು ವಾರದ ಮೇಲೆ ಹೊಟ್ಟೆ ತುಂಬ ಉಂಡೆ.

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.