ಮೇ ತಿಂಗಳ ಹಾಳೆಯಲ್ಲಿ ನಾನು

ಮನೆಯವರು ಇದ್ದಕ್ಕಿದ್ದಂತೆ ಪ್ರೀತಿ ತೋರಿಸಲು ಶುರುಮಾಡಿದರೆ ಸಂತೋಷಪಡಬಾರದು, ಮೊದಲು ಕಾರಣ ವಿಚಾರಿಸಬೇಕು. ನಾನು ವಿಚಾರಿಸಲಿಲ್ಲ. ಆ ಆಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದೇನೆ.

ಶಿಕಾರಿಪುರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಅದರ ಬೆನ್ನಿಗೇ ಡಾಕ್ಟರಾಗುವ ಆಸೆಯಿಂದ ನೀಟ್ ಪರೀಕ್ಷೆಯ ಓದು, ಇವೆರಡರ ನಡುವೆ ಅಂಜನಾಪುರದ ಅತ್ತೆಮನೆಯಲ್ಲಿ ನಲವತ್ತು ಕುರಿ, ಒಬ್ಬ ಗಂಡ. ಓದಿಗೆ ಯಾರ ಅಡ್ಡಿಯೂ ಇರಲಿಲ್ಲ, ಬಿಡುವೂ ಇರಲಿಲ್ಲ. ಕುರಿದೊಡ್ಡಿ ಗುಡಿಸುತ್ತಾ ಗಿಡಮರಗಳ ಲ್ಯಾಟಿನ್ ಹೆಸರು ಬಾಯಿಪಾಠ ಮಾಡುತ್ತಿದ್ದೆ; ಕುರಿಗಳು ತಲೆಯಾಡಿಸುತ್ತಿದ್ದವು. ಹೋದ ವರ್ಷ ಹೀಗೇ ಓದಿ ಮಣ್ಣುಮುಕ್ಕಿದ ಮೇಲೆ ನಮ್ಮವರು, "ಇದೊಂದ್ ಸಲ ಬರಿ. ಆಗ್ಲಿಲ್ಲ ಅಂದ್ರೆ ಸಾಕು ಮಾಡು" ಎಂದುಬಿಟ್ಟಿದ್ದರು. ಹಾಗಾಗಿ ಡಿಸೆಂಬರಿನಲ್ಲಿ ಹೊಸ ಕ್ಯಾಲೆಂಡರ್ ಬಂದ ದಿನವೇ ಮೇ ತಿಂಗಳ ಹಾಳೆ ತಿರುವಿ, ಪರೀಕ್ಷೆಯ ದಿನಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ "ನಾನು" ಎಂದು ಬರೆದೆ.

ಆಮೇಲಿನ ಒಂದೂವರೆ ತಿಂಗಳು ನನಗೆ ರಾಜಯೋಗ. "ಬಗ್ಗಬ್ಯಾಡ, ಭಾರ ಎತ್ತಬ್ಯಾಡ, ಕುತ್ಕಂಡು ಓದು" ಎಂದರು ಅತ್ತೆ. ನೀರಿನ ಕೊಡ ಗಂಡನ ಹೆಗಲೇರಿತು. ದಿನಾ ಬೆಳಿಗ್ಗೆ ಒಂದು ಲೋಟ ಹಾಲು ಬೇರೆ. ಕೊನೆಗೂ ಈ ಮನೆಗೆ ವಿಜ್ಞಾನದ ಬೆಲೆ ತಿಳಿಯಿತಲ್ಲ ಎಂದು ನನಗೆ ಕಣ್ಣು ತುಂಬಿಬಂತು. ಮನೆಯವರನ್ನು ತಿದ್ದುವುದೂ ಒಂದು ಕಲೆ ಎಂದು ಗೆಳತಿಯರ ಮುಂದೆ ಭಾಷಣ ಕೂಡ ಮಾಡಿದೆ.

ಕಳೆದ ಭಾನುವಾರ ಸೊರಬದ ಕಡೆಯ ಉಳವಿಯಿಂದ ನನ್ನ ಅಮ್ಮ ಬಂದಳು. ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ, ಮಲ್ಲಿಗೆ, ಡಬ್ಬಿ ತುಂಬ ಹೋಳಿಗೆ.

"ಐದು ತಿಂಗ್ಳಾದ್ರೂ ಹೆತ್ತ ತಾಯಿಗೆ ಒಂದು ಮಾತು ಹೇಳ್ಲಿಲ್ವಲ್ಲೇ! ಹೂ ಮುಡಿಸೋ ಶಾಸ್ತ್ರಕ್ಕೆ ಬನ್ನಿ ಅಂತ ನಿನ್ನತ್ತೆ ಫೋನ್ ಮಾಡಿದ್ ಮೇಲೇ ನಂಗೆ ಗೊತ್ತಾಗಿದ್ದು."

"ಯಾವ ಐದು ತಿಂಗಳು?" ಎಂದೆ.

"ತಾನೇ ಬರ್ದಾಳ, ನೋಡ್ರಿ ಬೀಗ್ರೇ" ಎಂದು ಅತ್ತೆ ಕ್ಯಾಲೆಂಡರ್ ತಿರುವಿದರು. ಕುರಿ ಗಬ್ಬವಾದರೆ ಅದು ಮರಿ ಹಾಕುವ ದಿನಕ್ಕೆ ಕೆಂಪು ಸುತ್ತು ಹಾಕಿ ಅದರ ಹೆಸರು ಬರೆಯುವುದು ಈ ಮನೆಯ ಪದ್ಧತಿ. ಅತ್ತೆಗೆ ಓದು ಬಾರದ್ದರಿಂದ ಬರೆಯುವವಳು ನಾನೇ. ಮೇ ತಿಂಗಳಲ್ಲಿ ಕೆಂದಿ, ಚುಕ್ಕಿ. ಇಬ್ಬರ ನಡುವೆ, ನನ್ನದೇ ದುಂಡು ಅಕ್ಷರದಲ್ಲಿ, ನಾನು. ಅದನ್ನು ಓದಿ ಹೇಳಿದವರು ನಮ್ಮವರು.

"ಬಾಯಿಬಿಟ್ಟು ಹೇಳಾಕ ನಾಚ್ಕಂಡೀಯ ಅನ್ಕಂಡೆ" ಎಂದರು ಅವರು, ಗೋಡೆ ನೋಡುತ್ತಾ.

ಭ್ರೂಣ ವಾರವಾರಕ್ಕೂ ಹೇಗೆ ಬೆಳೆಯುತ್ತದೆ ಎಂದು ನಾನು ಪುಸ್ತಕ ನೋಡದೆ ಚಿತ್ರ ಬಿಡಿಸಬಲ್ಲೆ. ಈ ಮನೆಯ ಲೆಕ್ಕದಲ್ಲಿ ನಾನೇ ಬಸುರಿಯಾಗಿ ಓಡಾಡುತ್ತಿದ್ದದ್ದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ. "ಅದು ಪರೀಕ್ಷೆ ದಿನ" ಎಂದೆ. ಅಮ್ಮ ಡಬ್ಬಿ ಹಿಡಿದುಕೊಂಡೇ ಕುಸಿದು ಕೂತಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಲ್ಲದ ಬಸಿರಿನ ಜೊತೆ ಇದ್ದ ಬಿಡುವೂ ಹೋಯಿತು, ಅದರ ಹಿಂದೆಯೇ ಡಾಕ್ಟರಾಗುವುದೂ ಹೋಯಿತು ಎಂದುಕೊಂಡು, ಯಾರೂ ಹೇಳುವ ಮೊದಲೇ ಪೊರಕೆಗೆ ಕೈಹಾಕಿದೆ.

ಅತ್ತೆ ಅದನ್ನು ಕಿತ್ತುಕೊಂಡರು. "ಇಡು ಅತ್ಲಾಗೆ. ಗಬ್ಬ ಅಂತ ತಿಳ್ಕಂಡು ಹಿಂಡಿ ಇಟ್ಟಿರ್ತೀವಿ. ಅಲ್ಲ ಅಂತ ಗೊತ್ತಾದ್ರೆ ಕುರಿ ಮುಂದಿನ ಬುಟ್ಟಿ ಎಳ್ಕಳ್ಳಾಕ ಆಕ್ಕತೇನು? ತಾರೀಕು ಬರೋ ಮಟ ಉಣ್ಣು, ಓದು."

ಅಮ್ಮ ತಂದ ಮಲ್ಲಿಗೆ ಬಾಡುತ್ತದೆಂದು ಮೂವರೂ ಮುಡಿದುಕೊಂಡೆವು. ಈಗ ನೆಂಟರು ಯಾರಾದರೂ ಕುರಿ ಎಷ್ಟಿವೆ ಎಂದು ಕೇಳಿದರೆ ಅತ್ತೆ ನಲವತ್ತೊಂದು ಎನ್ನುತ್ತಾರೆ. ಹಾಲಿನ ಲೋಟ ಹಿಡಿದು ಕೂತಿರುವ ನಾನು ಪುಸ್ತಕದಿಂದ ತಲೆಯೆತ್ತುವುದಿಲ್ಲ.