ಗೂಡ್ಸ್ ಗಾಡಿಗೆ ಅಡ್ಡ ನಿಂತ ನಮ್ಮ ಮಂದಿ

ಶಿವನು ನಮ್ಮ ಸೀಮೆಯವರಿಗೆ ಎರೆಭೂಮಿ ಕೊಟ್ಟ, ಬಿರುಸಿನ ಬಾಯಿ ಕೊಟ್ಟ. ಜೊತೆಗೆ, ಜಗಳಕ್ಕೆಂದು ಹೊರಟರೂ ನಕ್ಕೊಂಡೇ ಮನೆಗೆ ಬರುವ ಹಣೆಬರಹವನ್ನೂ ಬರೆದುಬಿಟ್ಟ. ಗೂಡ್ಸ್ ರೈಲಿನ ಸುದ್ದಿ ಬಂದಾಗಿನಿಂದಂತೂ ಇಂಥದೊಂದು ನಡೆಯದ ವಾರವೇ ಇಲ್ಲ.

ಸುದ್ದಿ ಇಷ್ಟೇ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ತಾಲೂಕಿನ ಹೊಲಗಳನ್ನು ಸೀಳಿಕೊಂಡು ಬರೀ ಸಾಮಾನು ಸಾಗಿಸುವ ರೈಲುಹಳಿ ಹಾಕುತ್ತಾರಂತೆ. ಯಂಕಂಚಿ ಕಡೆಗಿರುವ ನನ್ನ ಹೊಲದಲ್ಲಿ ಅದು ಸರಿಯಾಗಿ ನಡುವೆ ಹಾಯುತ್ತದೆ. ಬಾವಿ ಈಚೆಗೆ, ಬೆಳೆ ಆಚೆಗೆ. ಅಪ್ಪ ಕೈಯಾರೆ ತೋಡಿದ ಬಾವಿ ಅದು. ಅದರ ನೀರಿನಿಂದಲೇ ದಿನಾ ನನ್ನ ಲಿಂಗಪೂಜೆ. ನೀರು ಒಂದು ಕಡೆ, ನೆಲ ಒಂದು ಕಡೆ ಆದಮೇಲೆ ಒಕ್ಕಲುತನ ಎಲ್ಲಿ ಉಳಿಯಿತು? ಹೀಗಾಗಿ ನಾನೂ ಹೋರಾಟಕ್ಕೆ ಸೇರಿದೆ. ನನಗೆ ಸಿಟ್ಟು ಬರುವುದಿಲ್ಲವೆಂದು ಗೊತ್ತಿದ್ದೂ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. "ಸಿಟ್ಟಿನವ್ರು ನಾವು ಬೇಕಾದಷ್ಟು ಮಂದಿ ಅದೇವ್ರಿ. ಜಗಳ ಬಿಡಸಾಕ ಒಬ್ಬರು ಬೇಕಲ್ಲ!" ಎಂದರು.

ತಾಳ ಬಿದ್ದ ಘೋಷಣೆ

ಮೊದಲ ದಿನ ಇಂಡಿಯಲ್ಲಿ ತಾಲೂಕು ಕಚೇರಿಯ ಮುಂದೆ ಸೇರಿದೆವು. "ಅಧ್ಯಕ್ಷರ, ಘೋಷಣಾ ಕೂಗ್ರಿ" ಎಂದರು. ಜನ್ಮದಲ್ಲಿ ಶಿವನಾಮ ಬಿಟ್ಟು ಬೇರೇನನ್ನೂ ಕೂಗಿದವನಲ್ಲ ನಾನು. ಕಣ್ಣು ಮುಚ್ಚಿ, "ಹೊಲಾ ನಾವು ಕೊಡೂದಿಲ್ಲೋ, ಹಳಿ ನಮಗ ಬ್ಯಾಡವೋ" ಎಂದು ಶುರು ಮಾಡಿದೆ. ಅದು ಸೋಮವಾರದ ಭಜನೆಯ ಧಾಟಿಯಲ್ಲೇ ಹೊರಬಿತ್ತು. ಹಿಂದಿದ್ದವರು ರೂಢಿಯಂತೆ ಚಪ್ಪಾಳೆ ಕೊಟ್ಟರು. ಯಾರೋ ಚೀಲದಿಂದ ತಾಳ ತೆಗೆದರು. ಧರಣಿಗೆ ಬರುವಾಗ ತಾಳ ಯಾಕೆ ತಂದಿದ್ದರೋ, ಆ ದೇವರೇ ಬಲ್ಲ! ಎರಡನೆಯ ಸುತ್ತಿಗೆ ಮುದುಕರು ಕುಣಿಯತೊಡಗಿದರು. ಕಾವಲಿಗೆ ಬಂದ ಪೊಲೀಸಪ್ಪ ಲಾಠಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೂ ತಾಳ ಹಾಕಿದ.

ಸ್ವಲ್ಪ ಹೊತ್ತಿಗೆ ಸಿಪಾಯಿ ಒಳಗಿಂದ ಬಂದು, ಚಪ್ಪಲಿ ಬಿಟ್ಟು, ಕೈಮುಗಿದು ನನ್ನ ಕಿವಿಯಲ್ಲಿ ಹೇಳಿದ: "ಸಾಹೇಬ್ರು ಕೇಳಾಕತ್ತಾರ್ರಿ, ಮಂಗಳಾರತಿ ಎಷ್ಟೊತ್ತಿಗೆ ಅಂತ. ಅಷ್ಟರೊಳಗ ಮೀಟಿಂಗ್ ಮುಗಿಸಿ ಬರ್ತಾರಂತ."

ಸಾಮಾನಂತ ಬರಕೊಳ್ರಿ

ಝಳಕಿಯಲ್ಲಿ ರೈಲಿನ ಅಧಿಕಾರಿಗಳು ರೈತರ ಸಭೆ ಕರೆದಿದ್ದರು. ಒಬ್ಬರು ನಕಾಶೆ ತೂಗುಹಾಕಿ ವಿವರಿಸುತ್ತಿದ್ದಾಗ ಮುಂದೆ ಕೂತ ಒಬ್ಬ ಅಜ್ಜಿ ಎದ್ದುನಿಂತಳು.

"ಏ ತಮ್ಮಾ, ಈ ಗಾಡಿ ಪಂಢರಪುರಕ್ಕ ಹೊಕ್ಕೈತೇನು?"

"ಆ ಕಡೆಗೇ ಹೋಗ್ತದಮ್ಮ. ಆದ್ರ ಇದರಾಗ ಮಂದಿ ಕೂಡಂಗಿಲ್ಲ. ಬರೇ ಸಾಮಾನಷ್ಟ."

ಅಜ್ಜಿ ಗಂಡಸರ ಸಾಲಿನಲ್ಲಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ತನ್ನ ಯಜಮಾನನ ಕಡೆ ಕೈ ತೋರಿಸಿದಳು. "ಹಂಗಾದ್ರ ಈ ನಮ್ಮ ಹಿರ್ಯಾನ್ನ ಸಾಮಾನಂತ ಬರಕೋ. ಲಗ್ನ ಆದಾಗಿಂದ ಇಟ್ಟಲ್ಲೇ ಐತಿ. ಒಯ್ದು ವಿಠ್ಠಲನ ಮುಂದ ಇಳಿಸಿ ಬರ್ರಿ, ಪುಣ್ಯಾ ಬರ್ತೈತಿ!"

ಯಜಮಾನ ಕಣ್ಣು ತೆರೆಯದೆಯೇ ಹೇಳಿದ: "ಮ್ಯಾಲ ಒಡೆಯೂ ಸಾಮಾನು, ಹುಷಾರು ಅಂತ ಬರಸು."

ತೂಕ ಏರಿದ ಉಪವಾಸ

ಸರಕಾರ ಭಜನೆಗೂ ಬಗ್ಗಲಿಲ್ಲ, ಸಭೆಗೂ ಬಗ್ಗಲಿಲ್ಲವೆಂದು ಸಿಂದಗಿಯಲ್ಲಿ ಉಪವಾಸ ಕೂರುವುದೆಂದಾಯಿತು. ಒಳ್ಳೆಯ ದಿನವೇ ಇರಲಿ ಎಂದು ಶ್ರಾವಣ ಸೋಮವಾರವನ್ನು ನಾನೇ ಆರಿಸಿದೆ. ತಪ್ಪಾಗಿದ್ದು ಅಲ್ಲೇ. ಮಾತಾಡಿಸಲು ಬಂದ ಅಧಿಕಾರಿ ನಮ್ಮ ಪಕ್ಕದಲ್ಲೇ ಕೂತು, "ನಂದೂ ಇವತ್ತು ಉಪವಾಸ ಐತ್ರಿ. ನಾ ಯಾರ ವಿರುದ್ಧ ಮಾಡ್ಲಿ?" ಎಂದರು.

ಅಷ್ಟರಲ್ಲಿ ಊರೂರಿನ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ಬಂದರು. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಗೆಣಸು, ಕೆನೆಮೊಸರು. "ಉಪವಾಸ ಅದೇವಲ್ರವ್ವಾ" ಎಂದೆ. "ಇದು ಉಪವಾಸದ್ದ ಅಲ್ಲೇನ್ರಿ! ಒಂದಗುಳು ಅನ್ನ ಐತೇನು ನೋಡ್ರಿ" ಎಂದರು. ನಿಜವೇ. ದೇವರು ಒಪ್ಪಿದ್ದನ್ನು ಬೇಡ ಎನ್ನಲು ನಾನ್ಯಾರು? ಮೋರಟಗಿಯ ಒಬ್ಬರು ಪಾಲಿಗೆ ಬಂದ ಉಂಡಿಯ ಜೊತೆಗೆ ನನ್ನ ಪಾಲಿನದನ್ನೂ ಮುಗಿಸಿ, ಹೋರಾಟ ಇನ್ನೊಂದು ವಾರ ನಡೆಯಲಿ ಎಂದು ಗೊತ್ತುವಳಿ ಮಂಡಿಸಿದರು.

ಸಂಜೆ ನಮ್ಮ ಆರೋಗ್ಯ ನೋಡಲು ಬಂದ ಡಾಕ್ಟರು ಒಬ್ಬೊಬ್ಬರನ್ನೇ ತೂಕಕ್ಕೆ ನಿಲ್ಲಿಸಿ ತಲೆ ಕೆರೆದುಕೊಂಡರು. "ಅಧ್ಯಕ್ಷರ, ಎಲ್ಲಾರೂ ಮುಂಜಾನಿಗಿಂತ ಏರ್ಯಾರ! ಸರಕಾರ ಬಗ್ಗೂದು ಆಮ್ಯಾಲ. ಇನ್ನ ನಾಕ ದಿನ ಹಿಂಗ ಉಪವಾಸ ಮಾಡಿದ್ರ ನಿಮಗ ಬಗ್ಗಾಕ ಬರಂಗಿಲ್ಲ."

ಚರಗದ ದಿನ

ಇಷ್ಟೆಲ್ಲ ಆದರೂ ಹೊಲ ಅಳೆಯುವ ಮೋಜಣಿ ನಿಲ್ಲಲಿಲ್ಲ. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಮೈಸೂರು ಕಡೆಯ ಒಬ್ಬ ಹುಡುಗ ಎಂಜಿನಿಯರು ಬಂದು, ನನ್ನ ಹೊಲದುದ್ದಕ್ಕೂ ಹಳಿ ಹಾಯುವ ಜಾಗದಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟುಹೋದ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಎಡೆಯ ಅಡುಗೆಯನ್ನು ಭೂತಾಯಿಗೆ ಚರಗವೆಂದು ಹೊಲದ ತುಂಬ ಚೆಲ್ಲಿ ಉಣ್ಣುತ್ತೇವೆ. ಆವತ್ತು ಹೊಲಕ್ಕೆ ಬಂದವನು ವೈರಿಯಾದರೂ ಹಸಿದು ಹೋಗಬಾರದು. ನಾನು ಬಾವಿಯಿಂದ ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಮನೆಯಾಕೆ ಎಲ್ಲ ಅಣಿಮಾಡಿದ್ದಳು. "ಈ ಸಲ ಕಲ್ಲು ಭಾಳ ಚೊಲೋ ಸಿಕ್ಕಾವ್ರಿ" ಎಂದಳು. ನಾನು ಭಕ್ತಿಯಿಂದ ಕಣ್ಣು ಮುಚ್ಚಿ ಪೂಜೆ ಮಾಡಿದೆ. ಕಣ್ಣು ತೆರೆದು ನೋಡಬೇಕಿತ್ತು.

ಚರಗ ಚೆಲ್ಲಿ ಮುಗಿಸುವಷ್ಟರಲ್ಲಿ ಜೀಪು ಬಂತು. ಆ ಎಂಜಿನಿಯರು, ಜೊತೆಗೆ ವಿಜಯಪುರದಿಂದ ಬಂದ ಹಿರಿಯ ಸಾಹೇಬರು, ಅವರ ಸಿಪಾಯಿ. ಅವರು ಬಾಯಿ ತೆರೆಯುವ ಮೊದಲೇ ಮನೆಯಾಕೆ ಎಲೆ ಹಾಕಿದಳು. ಸಜ್ಜಿರೊಟ್ಟಿ, ಪುಂಡಿಪಲ್ಲೆ, ಎಳ್ಳುಹೋಳಿಗೆ. ಸಾಹೇಬರೂ ನಮ್ಮ ಕಡೆಯವರೇ. ಬೂಟು ಬಿಚ್ಚಿ, ಪಾಂಡವರಿಗೆ ಉದ್ದಂಡ ನಮಸ್ಕಾರ ಹಾಕಿ, ಹೊಟ್ಟೆತುಂಬ ಉಂಡು, "ಈಗ ಕಲ್ಲು ನೋಡೂಣು ನಡಿ" ಎಂದರು.

ಎಂಜಿನಿಯರು ಕುಂಕುಮ ಹಚ್ಚಿಕೊಳ್ಳಲು ಬಗ್ಗಿದವನು ಹಾಗೇ ನಿಂತ. "ಸಾರ್, ಇಲ್ಲೇ ಇವೆ. ಇವರ ಬೆನ್ನ ಮೇಲೆ ನಮ್ಮ ನಂಬರಿದೆ."

ಮೋಜಣಿ ಕಲ್ಲು ಕೀಳುವುದು ಅಪರಾಧ. ಹೊಲದ ಜೊತೆ ನಾನೂ ಹೋಗುವುದು ಖಾತ್ರಿ ಎಂದುಕೊಂಡೆ. "ತಪ್ಪಾತ್ರಿ. ತಿಳೀದ ಆಗೇತಿ. ನಾನ ಎತ್ತಿ ಅಲ್ಲೇ ಇಟ್ಟು ಬರ್ತೇನಿ" ಎಂದೆ.

"ಪೂಜಿ ಆದ ದೇವರನ್ನ ಅಲಗಾಡಸ್ತೀರೇನು?" ಎಂದು ಮನೆಯಾಕೆ ನನ್ನ ಕೈ ಹಿಡಿದಳು.

ಸಾಹೇಬರು ಕಲ್ಲು ಎತ್ತೆಂದು ಸಿಪಾಯಿಗೆ ಕಣ್ಸನ್ನೆ ಮಾಡಿದರು. ಅವನು ಹಿಂದೆ ಸರಿದ. "ನಂಗ ಮಕ್ಕಳು ಮರಿ ಅದಾವ್ರಿ." ಡ್ರೈವರ್ ಕಡೆ ನೋಡಿದರು. ಅವನು ಜೀಪಿನಲ್ಲಿ ಕೂತು ಗಾಜು ಏರಿಸಿಕೊಂಡ.

"ಪರವಾಗಿಲ್ಲ ಸಾರ್, ಅಳತೆ ಮೆಷಿನ್ನಿನಲ್ಲಿದೆ. ಬೇರೆ ಕಲ್ಲು ಇಡೋಣ" ಎಂದ ಎಂಜಿನಿಯರು.

"ಬ್ಯಾರೆ ಕಲ್ಲು ಇಡಬಹುದಪ್ಪಾ. ಹಳಿ ಹಾಯೂದು ಎಲ್ಲಿ? ಇದ ಗಿಡದ ಮ್ಯಾಲ, ಇವರ ನೆತ್ತಿ ಮ್ಯಾಲ! ಈಗಷ್ಟ ಕಾಲು ಬಿದ್ದು, ಇವರ ಅನ್ನ ಉಂಡು ಎದ್ದೇನಿ." ಸಾಹೇಬರು ಐವರಿಗೂ ಮತ್ತೊಮ್ಮೆ ಕೈಮುಗಿದರು. ಆಮೇಲೆ ಎಂಜಿನಿಯರಿಗೆ, "ಪೂಜಾಸ್ಥಳ ಅಂತ ನಕಾಶಿಗೆ ಹಾಕು. ಈ ಹೊಲದಾಗ ಗೆರಿ ಮತ್ತೊಮ್ಮಿ ನೋಡೂಣು. ಅಲ್ಲೀತನಕ ಇಲ್ಲಿ ಯಾರೂ ಸಲಿಕಿ ಹಾಕಬ್ಯಾಡ್ರಿ" ಎಂದು, ಎರಡು ಹೋಳಿಗೆ ಕಟ್ಟಿಸಿಕೊಂಡು ಹೋದರು.

ಶಿವನ ಲೀಲೆ! ಹಳಿ ತರಲು ಬಂದ ಕಲ್ಲುಗಳೇ ಹಳಿಗೆ ಅಡ್ಡ ಕೂತುಬಿಟ್ಟವು. ಬಾವಿಯೂ ಬೆಳೆಯೂ ಸದ್ಯಕ್ಕೆ ಒಂದೇ ಕಡೆ ಇವೆ. ಸುದ್ದಿ ನಾಲ್ಕೂ ತಾಲೂಕಿಗೆ ಹಬ್ಬಿತು. ಮರುದಿನ ನಸುಕಿನಲ್ಲೇ, ನಾನಿನ್ನೂ ಪೂಜೆಗೆ ಕೂತಿರಲಿಲ್ಲ, ಮುದ್ದೇಬಿಹಾಳ ಕಡೆಯ ಒಬ್ಬ ರೈತನ ಫೋನು ಬಂತು.

"ಅಧ್ಯಕ್ಷರ, ನಮ್ಮ ಊರ ಸೀಮಿಯೊಳಗ ನೂರು ಕಲ್ಲು ಇಟ್ಟಾರ್ರಿ. ಕೌರವರನ್ನ ಪೂಜಿ ಮಾಡಿದ್ರ ನಡೀತೈತೇನ್ರಿ?"