ನನ್ನ ‘ಅ’ ನುಂಗಿದ ಯಂತ್ರಕ್ಕೆ

ಹಲ್ಲಿನ ಆಸ್ಪತ್ರೆಯ ಗೋಡೆಯಲ್ಲಿ ಗಡಿಯಾರದ ಪಕ್ಕ ವಿರಾಜಮಾನರಾಗಿ, ರೋಗಿಗಳನ್ನು ಹೆಸರು ಹಿಡಿದು ಒಳಗೆ ಕರೆಯುವ ಮಾನ್ಯ ಯಂತ್ರದವರೇ,

ತಾವೂ ತಮ್ಮ ತಂತಿಗಳೂ ಕ್ಷೇಮವೆಂದು ನಂಬಿ, ತಮ್ಮ ಕಂಠಕ್ಕೆ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಹೆಸರು ಅಕ್ರೋಧಾ. ಕ್ರೋಧವಿಲ್ಲದಿರುವ ಗುಣವೇ ಅಕ್ರೋಧ; ಅದರ ಬಾಲಕ್ಕೊಂದು ದೀರ್ಘ ಎಳೆದು ಹೆಣ್ಣುಮಗುವಿಗೆ ಇಟ್ಟರೆ ನಾನು. ಕಳೆದ ವಾರ ತಾವು ಮೊದಲಕ್ಷರವನ್ನು ಗುಳುಂ ಮಾಡಿ, ತುಂಬಿದ ಕೋಣೆಯಲ್ಲಿ “ಕ್ರೋಧಾ, ಒಳಗೆ ಬನ್ನಿ” ಎಂದು ಮೂರು ಸಲ ಕರೆದು ನನ್ನನ್ನು ಗೌರವಿಸಿದಿರಿ.

ಇಂಥ ಹೆಸರು ಹೊತ್ತವಳ ಪಾಡು ತಮಗೆ ತಿಳಿಯದು. ಶಾಲೆಯಲ್ಲಿ ನನ್ನ ಪೆನ್ಸಿಲ್ ಕಸಿದುಕೊಂಡ ಗೆಳತಿ, “ಇವಳು ಕೋಪ ಮಾಡ್ಕೊಳ್ಳೋ ಹಾಗೇ ಇಲ್ಲ ಕಣೇ” ಎಂದು ರಬ್ಬರನ್ನೂ ಒಯ್ದಳು. ಈಗ ಅಂಗಡಿಯಲ್ಲಿ, ಕನ್ನಡಕದ ಮೇಲೆ ತಾವೇ ಕೂತು ಮುರಿದುಕೊಂಡು “ನಿಮ್ಮ ಮಾಲೇ ಸರಿಯಿಲ್ಲ” ಎಂದು ಕೂಗಾಡುತ್ತ ಬರುವವರನ್ನೆಲ್ಲ ಮಾಲೀಕರು ನನ್ನ ಮುಂದೆಯೇ ತಂದು ಕೂರಿಸುತ್ತಾರೆ. ಹೆಸರಿಗೆ ಮಸಿ ಬಳಿಯಬಾರದೆಂದು ಹಲ್ಲು ಕಚ್ಚಿಕೊಂಡು ಸಹಿಸುತ್ತಲೇ ಬಂದೆ. ಕೊನೆಗೆ ದವಡೆ ಹಲ್ಲೇ ಸೀಳಿತು. ಹಾಗಾಗಿ ಊದಿದ ಕೆನ್ನೆಯನ್ನೂ ಅಜ್ಜಿಯನ್ನೂ ಕರೆದುಕೊಂಡು ತಮ್ಮ ಸನ್ನಿಧಿಗೆ ಬಂದದ್ದು.

ತಮಗೆ ‘ಅ’ಕಾರದ ಮೇಲಿರುವ ಹಸಿವನ್ನು ನಾವು ಆಗಲೇ ಗಮನಿಸಿದ್ದೆವು. ಅಶಕ್ತರು ಮುಂದಿನ ಸಾಲಿನಲ್ಲಿ ಕೂರಬೇಕೆಂಬ ಸೂಚನೆಯನ್ನು ತಾವು “ಶಕ್ತರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ” ಎಂದು ಸಾರಿದಾಗ ಕಟ್ಟುಮಸ್ತಾದ ಇಬ್ಬರು ಎದ್ದುಬಂದು ಮುಂದೆ ಕೂತರು. “ಶಿಸ್ತನ್ನು ಸಹಿಸಲಾಗುವುದಿಲ್ಲ” ಎಂದೂ ತಾವು ಎಚ್ಚರಿಸಿದಿರಿ. ಅದನ್ನಂತೂ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಅಷ್ಟರಲ್ಲಿ ನನ್ನ ಸರದಿ ಬಂತು. ನಾನು ಎದ್ದಕೂಡಲೇ ಆ ಇಬ್ಬರಲ್ಲೊಬ್ಬರು “ದಾರಿ ಬಿಡ್ರಪ್ಪಾ, ಕ್ರೋಧ ಬರ್ತಿದೆ!” ಎಂದರು. ನೋಯುವ ದವಡೆಗಳೆಲ್ಲ ನಕ್ಕವು. ನಾನು ರೂಢಿಯಂತೆ ನುಂಗಿಕೊಂಡೆ, ಅಜ್ಜಿ ನುಂಗಿಕೊಳ್ಳಲಿಲ್ಲ. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದಿ ಮುದುಕಿಯಾದವಳು. ಒಂದು ಒತ್ತಕ್ಷರ ಬಿದ್ದುಹೋದರೂ ಊಟ ಸೇರದವಳು. ಎದ್ದು ನಿಂತು, “ಆ ಹೆಸರು ಇಟ್ಟೋಳು ನಾನು. ನಗೋದಾದ್ರೆ ಪೂರ್ತಿ ಕೇಳಿ ನಗಿ” ಎಂದಳು.

ಅವಳು ಹೇಳಿದ್ದಿಷ್ಟು: ತಾತ ಬಸ್ಸು ಓಡಿಸುತ್ತಿದ್ದರು. ಹಾರನ್ನಿಗಿಂತ ಗಂಟಲನ್ನೇ ಹೆಚ್ಚು ನಂಬಿದ್ದವರು. ನಾನು ಹುಟ್ಟಿದ ದಿನ ಆಸ್ಪತ್ರೆಯ ಕಾವಲುಗಾರನೊಡನೆಯೂ ದಾದಿಯೊಡನೆಯೂ ಜಗಳವಾಡಿ, ಕೆಂಡಾಮಂಡಲವಾಗಿಯೇ ನನ್ನನ್ನು ಎತ್ತಿಕೊಂಡರಂತೆ. ನಾನು ಅವರ ಮೀಸೆ ಹಿಡಿದು ಜಗ್ಗಿದೆನಂತೆ. ಬಂತು ಗ್ರಹಚಾರ ಎಂದು ಅಮ್ಮ ಕಣ್ಣು ಮುಚ್ಚಿಕೊಂಡರೆ, ತಾತ ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು “ಎಳೀಲಿ ಬಿಡಿ” ಎಂದು ಸುಮ್ಮನೆ ನಿಂತರಂತೆ.

“ಆ ಮನುಷ್ಯ ಸುಮ್ಮನಿದ್ದದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. ಅದಕ್ಕೇ ಆ ಹೆಸರಿಟ್ಟೆ. ಇವಳಿಗಲ್ಲ, ಅವರಿಗೆ! ಮೊಮ್ಮಗಳನ್ನ ಕರೆದಾಗೆಲ್ಲ ನೆನಪಾಗ್ಲಿ ಅಂತ,” ಎಂದಳು ಅಜ್ಜಿ.

“ಗುಣ ಆಯ್ತಾ ಅಜ್ಜಿ?” ಎಂದು ಯಾರೋ ಕೇಳಿದರು.

“ಎಲ್ಲಿ! ‘ಅಕ್ರೋಧಾ, ನಿಮ್ಮಜ್ಜಿಗೆ ಬುದ್ಧಿ ಇದ್ಯಾ ಕೇಳೇ’ ಅಂತ ಸೂರು ಹಾರೋ ಹಾಗೆ ಕಿರುಚೋರು. ಆಮೇಲೆ ಹೆಸರು ಕಿವಿಗೆ ಬಿದ್ದು ಅವರೇ ನಗೋರು.”

ಮಾನ್ಯರೇ, ಇದನ್ನು ನಾನು ಕೇಳಿದ್ದೂ ಅದೇ ಮೊದಲು. ಔಷಧ ತಾತನಿಗೆ, ಪಥ್ಯ ಮಾಡಿದವಳು ನಾನು! ಊದಿದ ಬಾಯಲ್ಲೇ “ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?” ಎಂದು ಕೂಗಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ಕೇಳಿ ಅಜ್ಜಿ ಬೆಪ್ಪಾಗಿ, “ನೀನು ಹುಟ್ಟಾ ಸಾಧು ಅಂದ್ಕೊಂಡಿದ್ನಲ್ಲೇ!” ಎಂದಳು. ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿ, “ಬೈಕೋ, ಇನ್ನೂ ಬೈಕೋ” ಎಂದಳು. ಅಷ್ಟು ಹೊತ್ತಿಗೆ ತಾವು ಕರೆಯುತ್ತಿದ್ದುದು ಯಾರಿಗೂ ಕೇಳಿಸುತ್ತಿರಲಿಲ್ಲ. ರೋಗಿಗಳು ಯಾಕೆ ಬರುತ್ತಿಲ್ಲವೆಂದು ವೈದ್ಯೆಯೇ ಹೊರಗೆ ಬಂದು ನನ್ನ ಕೈಹಿಡಿದು ಒಳಗೆ ಕರೆದೊಯ್ದರು. ಬಾಯಿ ತೆರೆದು “ಆ” ಅನ್ನಿ ಎಂದರು. ತಮ್ಮ ಬಾಕಿಯನ್ನೂ ಸೇರಿಸಿ ಅಂದೆ.

ಮರುದಿನ ಅಂಗಡಿಗೆ, ಕನ್ನಡಕದ ಮೇಲೆ ಕೂತವರೊಬ್ಬರು ಬಂದರು. “ಕೂತಿದ್ದು ನೀವು, ಅದಕ್ಕೆ ನಾನು ಬೈಸಿಕೊಳ್ಳಲ್ಲ” ಎಂದೆ. ಮಾಲೀಕರ ಕೈಯಿಂದ ಚಹಾ ಲೋಟ ಜಾರಿತು. ಬಂದವರು ಮಾತ್ರ ಗಾಬರಿಯಾಗಿ, ಹೊಸದೊಂದನ್ನು ಕೊಂಡು, ಮಾಲನ್ನು ಹೊಗಳಿ ಹೋದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಒಂದೋ ತಾವು ನುಂಗಿದ ಅಕ್ಷರವನ್ನು ಮುದ್ದಾಂ ನಮ್ಮ ಮನೆಗೆ ತಂದು, ಅಜ್ಜಿಯ ಮುಂದೆ ಕಕ್ಕಿ ಕ್ಷಮೆ ಕೇಳಬೇಕು, ಇಲ್ಲವೇ ನಮ್ಮ ಅಂಗಡಿಯ ಗೋಡೆಗೆ ವರ್ಗವಾಗಿ ಬಂದು, ಗಿರಾಕಿ ಬಾಗಿಲಲ್ಲಿ ಕಂಡಕೂಡಲೇ ನನ್ನನ್ನು ಅಂದಿನಂತೆ ‘ಅ’ ನುಂಗಿಯೇ, ತುಸು ಜೋರಾಗಿಯೇ, ಕರೆಯುತ್ತಿರಬೇಕು.

ತಮ್ಮ ವಿಶ್ವಾಸಿ,
ಅಕ್ರೋಧಾ

ಮರೆತ ಮಾತು: ಕೋಪದಲ್ಲಿ ಬರೆದ ನನ್ನ ಮೊದಲ ಪತ್ರವಿದು. ಅಭ್ಯಾಸವಿಲ್ಲದ್ದರಿಂದ ಇಷ್ಟೊಂದು ನಯವಾಗಿ ಬಂದುಬಿಟ್ಟಿದೆ, ಮನ್ನಿಸಬೇಕು. ಕೈ ಪಳಗುತ್ತಿದೆ.